ಅಳಿಸಿದರೂ ಹೋಗದ ಆ್ಯಪ್: ಹಕ್ಕಿ ಡೈರಿ ಕೆಲಸದ ಟಿಪ್ಪಣಿ

ಬಂದವು! ನೋಡಿದ ಹಕ್ಕಿಗಳನ್ನು ಬರೆದಿಡಲು ನಾನೇ ಮಾಡಿಕೊಂಡ ಹಕ್ಕಿ ಡೈರಿ ಆ್ಯಪಿನ 1,386 ದಾಖಲೆಗಳೂ ವಾಪಸ್ ಬಂದವು. ಒಂದೂ ಕಳೆದಿಲ್ಲ. ಅವುಗಳ ಜೊತೆಗೆ, ಇವೆ ಎಂದೇ ನನಗೆ ಗೊತ್ತಿಲ್ಲದ ಇನ್ನೂ 23 ಸಿಕ್ಕವು. ಅವುಗಳ ಕಥೆ ಆಮೇಲೆ.

ಹೋದ ಸಲ ಬರೆದಾಗ ಹಕ್ಕಿ ಡೈರಿಯ ನಕ್ಷೆ ಪುಟ ಮುಗಿಸುತ್ತೇನೆ ಅಂದಿದ್ದೆ. ಆ ಕೆಲಸ ಒಂದು ಸಾಲೂ ಮುಂದೆ ಹೋಗಿಲ್ಲ. ನಾಲ್ಕು ಸಂಜೆ ಪೂರ್ತಿ ಒಂದೇ ಸಂದೇಶದ ಹಿಂದೆ ಓಡಿದೆ: ಇನ್‌ಸ್ಟಾಲ್ ಫೇಲ್ಡ್ ಅಪ್‌ಡೇಟ್ ಇನ್‌ಕಂಪ್ಯಾಟಿಬಲ್. ಅಂದರೆ, ಫೋನಿನಲ್ಲಿರುವ ಹಳೆಯ ಆ್ಯಪಿಗೂ ಹೊಸದಕ್ಕೂ ಹೊಂದುತ್ತಿಲ್ಲ. ನಿಮ್ಮಲ್ಲಿ ಹಲವರು ಇದನ್ನು ನೋಡಿರುತ್ತೀರಿ. ಹಳೆಯದನ್ನು ಅಳಿಸು, ಹೊಸದನ್ನು ಹಾಕು, ಮುಗೀತು ಅಲ್ವಾ? ನನ್ನ ಫೋನಿನಲ್ಲಿ ಅಳಿಸಿದ ಮೇಲೂ ಅದೇ ಸಂದೇಶ ಬಂತು.

ಶುರುವಾಗಿದ್ದು ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟಾಗ. ಕೋಡ್ ಎಲ್ಲಾ ಗಿಟ್‌ನಲ್ಲಿ, ಅಂದರೆ ಲ್ಯಾಪ್‌ಟಾಪಿನ ಹೊರಗೂ ಪ್ರತಿ ಇಡುವ ಕಡೆ, ಇತ್ತು. ಹೊಸ ಡಿಸ್ಕ್ ಹಾಕಿಸಿ, ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ಇಳಿಸಿ, ಕೋಡನ್ನು ಕ್ಲೋನ್ ಮಾಡಿ ತಂದು, ಅದರಿಂದ ಆ್ಯಪ್ ಕಟ್ಟಲು ಬಿಲ್ಡ್ ಕೊಟ್ಟೆ. ಮೊದಲ ಯತ್ನಕ್ಕೇ ಬಿಲ್ಡ್ ಆಯಿತು. ರನ್ ಒತ್ತಿದೆ. ಫೋನೇ ಕಾಣುತ್ತಿಲ್ಲ.

ಮೊದಲ ಸಂಜೆ ಕೇಬಲ್‌ಗೇ ಹೋಯಿತು. ಡಬ್ಬಿಯ ಮೇಲೆ ದೊಡ್ಡದಾಗಿ ಡೇಟಾ ಕೇಬಲ್ ಎಂದು ಬರೆದಿದ್ದರು. ಒಳಗೆ ಕರೆಂಟ್ ಹರಿಯುವ ಎರಡು ತಂತಿ ಬಿಟ್ಟರೆ ಬೇರೇನೂ ಇರಲಿಲ್ಲ. ಚಾರ್ಜ್ ಆಗುತ್ತದೆ, ಎಡಿಬಿ (ಲ್ಯಾಪ್‌ಟಾಪಿನಿಂದ ಫೋನಿಗೆ ಕಮಾಂಡ್ ಕೊಡುವ ಸಾಧನ) ತೋರಿಸುವ ಡಿವೈಸಸ್ ಪಟ್ಟಿ ಮಾತ್ರ ಖಾಲಿ. ಎರಡನೇ ಕೇಬಲ್ಲೂ ಅದೇ ಜಾತಿ. ಮಾರುವವರಲ್ಲಿ ಒಂದೇ ಕೋರಿಕೆ: ಬರೀ ಚಾರ್ಜಿಂಗ್‌ಗೆ ಆದರೆ ಹಾಗೆಂದೇ ಬರೆಯಿರಿ. ಜನ ಫೋನನ್ನು, ಡ್ರೈವರನ್ನು, ಲ್ಯಾಪ್‌ಟಾಪನ್ನು ಅನುಮಾನಿಸುತ್ತಾ ಕೂರುತ್ತಾರೆ. ಕೊನೆಗೆ ಹಳೆಯ ಕ್ಯಾಮೆರಾದ ಜೊತೆ ಬಂದಿದ್ದ ಕೇಬಲ್ ಕೈ ಹಿಡಿಯಿತು. ಅದಕ್ಕೆ ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದೇನೆ.

ಆಮೇಲೆ ಯೂಸರ್ ರಿಸ್ಟ್ರಿಕ್ಟೆಡ್ ಎಂಬ ತಕರಾರು. ಕೆಲವು ಫೋನುಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿದರೆ ಸಾಲದು, ಯುಎಸ್‌ಬಿ ಮೂಲಕ ಇನ್‌ಸ್ಟಾಲ್ ಎಂಬ ಇನ್ನೊಂದು ಗುಂಡಿಯನ್ನೂ ಒತ್ತಬೇಕು. ಒತ್ತಿದೆ. ಆಗ ಬಂತು ನಮ್ಮ ನಿಜವಾದ ಸಂದೇಶ.

ಆ ಡೈಲಾಗ್ ಏನು ಹೇಳುತ್ತದೆ ನೆನಪಿದೆಯಾ? ಈಗಿರುವ ಆ್ಯಪನ್ನು ಅಳಿಸಿ ಮತ್ತೆ ಹಾಕಿದರೆ ಸರಿಹೋಗಬಹುದು, ಆದರೆ ಅದರ ಡೇಟಾ ಹೋಗುತ್ತದೆ, ಮುಂದುವರಿಯಲಾ ಅನ್ನುತ್ತದೆ. ಓಕೆ ಗುಂಡಿ ಅಲ್ಲೇ ಬೆರಳಿನ ಕೆಳಗೆ ಇರುತ್ತದೆ. ದಯವಿಟ್ಟು ಕೈ ಹಿಂದಕ್ಕೆ ತಗೊಳ್ಳಿ. ನನ್ನ ಫೋನಿನಲ್ಲಿ ಏಳು ತಿಂಗಳ ಬೆಳಗಿನ ನಡಿಗೆ ಇತ್ತು. ಯಾವ ಮರ, ಯಾವ ಹೊತ್ತು, ಯಾವ ಹಕ್ಕಿ, ಎಷ್ಟು ಮರಿ. ಎಕ್ಸ್‌ಪೋರ್ಟ್ ಗುಂಡಿ ಇನ್ನೂ ಬರೆದಿರಲಿಲ್ಲ. ಬೇರೆಲ್ಲೂ ಪ್ರತಿ ಇರಲಿಲ್ಲ.

ಮೊದಲು ಕಾರಣ ಖಚಿತ ಮಾಡಿಕೊಂಡೆ. ಆ್ಯಪ್ ಯಾರು ಮಾಡಿದ್ದು ಎಂದು ತೋರಿಸುವ ಡಿಜಿಟಲ್ ಸಹಿ, ಪರೀಕ್ಷೆಗೆಂದು ಕಟ್ಟುವ ಡೀಬಗ್ ಬಿಲ್ಡ್‌ಗೂ ಬೇಕು. ಸ್ಟುಡಿಯೋ ಅದನ್ನು ನಮಗೆ ಕಾಣದ ಹಾಗೆ ಹಾಕಿಬಿಡುತ್ತದೆ. ಹೋಮ್ ಡೈರೆಕ್ಟರಿಯ ಡಾಟ್ ಆಂಡ್ರಾಯ್ಡ್ ಫೋಲ್ಡರಿನಲ್ಲಿ ಸಹಿ ಹಾಕುವ ಕೀ ಇರುವ ಡೀಬಗ್ ಕೀಸ್ಟೋರ್ ಎಂಬ ಫೈಲ್ ಇರುತ್ತದೆ. ಇಲ್ಲದಿದ್ದರೆ ತಾನೇ ಹೊಸದನ್ನು ಹುಟ್ಟಿಸುತ್ತದೆ. ಪಾಸ್‌ವರ್ಡ್ ಎಲ್ಲರದ್ದೂ ಒಂದೇ, ಆಂಡ್ರಾಯ್ಡ್ ಎಂಬ ಪದ. ಒಳಗಿನ ಕೀ ಮಾತ್ರ ಪ್ರತಿ ಯಂತ್ರಕ್ಕೂ ಬೇರೆ. ಅದು ಪ್ರಾಜೆಕ್ಟ್ ಫೋಲ್ಡರಿನ ಹೊರಗಿರುವುದರಿಂದ ಗಿಟ್‌ಗೆ ಹೋಗುವುದೇ ಇಲ್ಲ. ಡಿಸ್ಕ್ ಜೊತೆ ನನ್ನ ಕೀ ಹೋಯಿತು, ಹೊಸ ಡಿಸ್ಕ್‌ನಲ್ಲಿ ಹೊಸ ಕೀ ಹುಟ್ಟಿತು. ಪಿಎಂ ಪಾತ್ ಕಮಾಂಡ್ ಕೊಟ್ಟು ಫೋನಿನಲ್ಲಿರುವ ಎಪಿಕೆ (ಆ್ಯಪಿನ ಇನ್‌ಸ್ಟಾಲ್ ಫೈಲ್) ಎಲ್ಲಿದೆ ಎಂದು ಹುಡುಕಿ, ಎಡಿಬಿ ಪುಲ್ ಕೊಟ್ಟು ಲ್ಯಾಪ್‌ಟಾಪಿಗೆ ತಂದೆ. ಸಹಿ ಪರೀಕ್ಷಿಸುವ ಎಪಿಕೆ ಸೈನರ್‌ನ ಪ್ರಿಂಟ್ ಸರ್ಟ್ಸ್ ಆಯ್ಕೆಯಿಂದ ಎರಡೂ ಎಪಿಕೆಗಳ ಎಸ್‌ಎಚ್‌ಎ 256 ಸಾಲುಗಳನ್ನು (ಸಹಿಯ ಬೆರಳಚ್ಚು ಅನ್ನಿ) ಅಕ್ಕಪಕ್ಕ ಇಟ್ಟೆ. ಮೊದಲ ಅಕ್ಷರದಿಂದಲೇ ಬೇರೆ.

ಫೋನಿನ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಅದೇ ಹೆಸರಿನ ಆ್ಯಪ್ ಬೇರೆ ಸಹಿಯೊಂದಿಗೆ ಬಂದರೆ ಅದು ಬೇರೆ ಯಾರೋ ಮಾಡಿದ್ದು. ಅವರಿಗೆ ಹಳೆಯ ಆ್ಯಪಿನ ಡೇಟಾ ಯಾಕೆ ಕೊಡಬೇಕು? ಆಂಡ್ರಾಯ್ಡ್ 9 ರಿಂದ ಕೀ ಬದಲಿಸಿಕೊಳ್ಳುವ ದಾರಿಯೂ ಇದೆ. ಆದರೆ ಹೊಸ ಕೀಯನ್ನು ಒಪ್ಪಿದ್ದೇನೆ ಎಂದು ಹಳೆಯ ಕೀಯೇ ಸಹಿ ಹಾಕಬೇಕು. ಹಳೆಯದೇ ಇಲ್ಲದವರಿಗೆ ಆ ದಾರಿ ಇಲ್ಲ.

ಇಲ್ಲೊಂದು ಮಾತು. ಇನ್‌ಸ್ಟಾಲ್ ಆಗದಿದ್ದಾಗ ಸುಮ್ನೆ ಕ್ಲೀನ್ ಬಿಲ್ಡ್, ಕ್ಯಾಶ್ ಅಳಿಸು, ರೀಸ್ಟಾರ್ಟ್ ಎಂದು ಓಡುವುದು ನಮ್ಮೆಲ್ಲರ ಅಭ್ಯಾಸ. ಅವೆಲ್ಲ ಲ್ಯಾಪ್‌ಟಾಪಿನ ಕಡೆಯ ಔಷಧ. ಬೇಡ ಎನ್ನುತ್ತಿರುವುದು ಫೋನಿನಲ್ಲಿ ಆ್ಯಪ್ ಹಾಕಿ ತೆಗೆಯುವ ಪ್ಯಾಕೇಜ್ ಮ್ಯಾನೇಜರ್. ಅದು ಕಾರಣವನ್ನೂ ಹೇಳುತ್ತದೆ. ವರ್ಷನ್ ಡೌನ್‌ಗ್ರೇಡ್ ಅಂದರೆ ಫೋನಿನಲ್ಲಿರುವ ಆ್ಯಪಿನ ವರ್ಷನ್ ಕೋಡ್, ಅಂದರೆ ಆವೃತ್ತಿ ಸಂಖ್ಯೆ, ಹೊಸದರದ್ದಕ್ಕಿಂತ ದೊಡ್ಡದು. ನೋ ಮ್ಯಾಚಿಂಗ್ ಎಬಿಐಸ್ ಅಂದರೆ ಆ್ಯಪಿನೊಳಗಿನ ನೇಟಿವ್ ಲೈಬ್ರರಿ, ಅಂದರೆ ಒಂದೊಂದು ಪ್ರೊಸೆಸರಿಗೆಂದೇ ಕಟ್ಟಿದ ಕೋಡ್, ಆ ಫೋನಿನ ಪ್ರೊಸೆಸರಿನದ್ದಲ್ಲ. ಟೆಸ್ಟ್ ಓನ್ಲಿ ಅಂದರೆ ಸ್ಟುಡಿಯೋದ ರನ್ ಗುಂಡಿಯಿಂದ ಹುಟ್ಟಿದ ಎಪಿಕೆಯನ್ನು ಎಡಿಬಿಯಿಂದ ಟಿ ಆಯ್ಕೆ ಇಲ್ಲದೆ ಹಾಕಲು ಹೋಗಿದ್ದೇವೆ. ಆಂಡ್ರಾಯ್ಡ್ 12 ಕ್ಕೆ ಟಾರ್ಗೆಟ್ ಮಾಡಿ, ಇಂಟೆಂಟ್ ಫಿಲ್ಟರ್ ಇರುವ ಆ್ಯಕ್ಟಿವಿಟಿಗೆ (ಆ್ಯಪಿನ ಒಂದು ಪರದೆ) ಎಕ್ಸ್‌ಪೋರ್ಟೆಡ್, ಅಂದರೆ ಬೇರೆ ಆ್ಯಪ್ ಇದನ್ನು ತೆರೆಯಬಹುದೇ ಎಂಬುದು, ಬರೆಯದಿದ್ದರೂ ಒಳಗೆ ಬಿಡುವುದಿಲ್ಲ. ಡೈಲಾಗ್ ಒಂದೇ ಥರ ಕಾಣುತ್ತದೆ, ಒಳಗಿನ ಸಾಲು ಬೇರೆ. ಆ ಸಾಲನ್ನು ಓದಿ.

ಸರಿ, ಡೇಟಾ ಉಳಿಸುವುದು. ಡೀಬಗ್ ಬಿಲ್ಡ್ ಆಗಿದ್ದು ಇಲ್ಲಿ ಪುಣ್ಯ. ಡೀಬಗ್ ಮಾಡಬಲ್ಲ ಆ್ಯಪ್ ಆದರೆ ರನ್ ಆ್ಯಸ್ ಎಂಬ ಕಮಾಂಡ್ ನಮ್ಮನ್ನು ಆ ಆ್ಯಪಿನ ಮನೆಯೊಳಗೇ ಬಿಡುತ್ತದೆ. ರೂಟ್, ಅಂದರೆ ಇಡೀ ಫೋನಿನ ಮೇಲಿನ ಅಧಿಕಾರ, ಬೇಡ. ಎಡಿಬಿ ಎಕ್ಸೆಕ್ ಔಟ್, ರನ್ ಆ್ಯಸ್, ಪ್ಯಾಕೇಜ್ ಹೆಸರು, ಕ್ಯಾಟ್, ಡೇಟಾಬೇಸಸ್ ಫೋಲ್ಡರಿನ ಫೈಲ್, ಇಷ್ಟನ್ನೂ ಒಂದೇ ಸಾಲಿನ ಕಮಾಂಡ್ ಆಗಿ ಕೊಟ್ಟು, ಬಂದದ್ದನ್ನು ಲ್ಯಾಪ್‌ಟಾಪಿನ ಒಂದು ಫೈಲ್‌ಗೆ ಹರಿಸಿದೆ. ಶೆಲ್ ಬದಲು ಎಕ್ಸೆಕ್ ಔಟ್ ಬಳಸಿದ್ದಕ್ಕೆ ಕಾರಣವಿದೆ. ಬೈನರಿ ಫೈಲ್ ಶೆಲ್ ಮೂಲಕ ಬಂದರೆ ಕೆಲವು ಕಡೆ ಸಾಲು ಮುರಿಯುವ ಬೈಟ್‌ಗಳು ಬದಲಾಗುತ್ತವೆ.

ಫೈಲ್ ಬಂತು. ಡೇಟಾಬೇಸ್ ಓದುವ ಎಸ್‌ಕ್ಯೂಲೈಟ್‌ನಲ್ಲಿ ತೆರೆದು ದಾಖಲೆ ಎಣಿಸಿದೆ. 1,341. ಆ್ಯಪಿನ ಮುಖಪುಟದಲ್ಲಿ ಮಾತ್ರ 1,386 ಅಂತಿದೆ. 45 ಎಲ್ಲಿ?

ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಆ್ಯಪಿನ ಡೇಟಾ ನೋಡಿಕೊಳ್ಳುವ ರೂಮ್ ಲೈಬ್ರರಿ ಸಾಮಾನ್ಯವಾಗಿ ಡೇಟಾಬೇಸನ್ನು ವಾಲ್ ಎಂಬ ವಿಧಾನದಲ್ಲಿ ನಡೆಸುತ್ತದೆ. ಹೊಸದಾಗಿ ಬರೆದದ್ದು ಮೊದಲು ಪಕ್ಕದ ವಾಲ್ ಫೈಲ್‌ಗೆ ಹೋಗುತ್ತದೆ. ಆಗಾಗ ಅಲ್ಲಿಂದ ಮೂಲ ಫೈಲ್‌ಗೆ ಸೇರುತ್ತದೆ. ನಾನು ಮೂಲ ಫೈಲ್ ಮಾತ್ರ ತಂದಿದ್ದೆ. ಕೊನೆಯ ಹದಿನೈದು ದಿನದ ಹಕ್ಕಿಗಳು ಪಕ್ಕದ ಫೈಲ್‌ನಲ್ಲೇ ಕೂತಿದ್ದವು. ಎಣಿಸದೆ ಅಳಿಸಿದ್ದರೆ ಹೋಗಿಯೇ ಬಿಡುತ್ತಿದ್ದವು. ಆ್ಯಪನ್ನು ಫೋರ್ಸ್ ಸ್ಟಾಪ್ ಮಾಡಿ ಮೂಲ ಫೈಲ್, ವಾಲ್, ಅದರ ಜೊತೆಗಿರುವ ಎಸ್‌ಎಚ್‌ಎಂ ಎಂಬ ಸಹಾಯಕ ಫೈಲ್, ಮೂರನ್ನೂ ತಂದೆ. ಒಂದೇ ಫೋಲ್ಡರಿನಲ್ಲಿಟ್ಟು ತೆರೆದೆ. 1,386. ಮುಚ್ಚುವಾಗ ಎಸ್‌ಕ್ಯೂಲೈಟ್ ತಾನೇ ಎಲ್ಲವನ್ನೂ ಒಂದು ಫೈಲ್‌ಗೆ ಸೇರಿಸಿತು. ಫೋಟೊಗಳಿದ್ದ ಫೈಲ್ಸ್ ಫೋಲ್ಡರನ್ನು ಟಾರ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ, ತಂದೆ. ಎರಡು ಕಡೆ ಪ್ರತಿ ಇಟ್ಟೆ.

           

ಪ್ರತಿ ಸಿದ್ಧ ಇತ್ತು. ಧೈರ್ಯ ಮಾಡಿ ಐಕಾನ್ ಒತ್ತಿ ಹಿಡಿದು ಆ್ಯಪ್ ಅಳಿಸಿದೆ. ರನ್ ಕೊಟ್ಟೆ. ಮತ್ತೆ ಅಪ್‌ಡೇಟ್ ಇನ್‌ಕಂಪ್ಯಾಟಿಬಲ್. ಇಲ್ಲದ ಆ್ಯಪಿನ ಸಹಿ ಹೊಂದುತ್ತಿಲ್ಲವಂತೆ!

ಫೋನ್ ರೀಸ್ಟಾರ್ಟ್ ಮಾಡಿದೆ. ಅದೇ ಉತ್ತರ. ಆ್ಯಪ್‌ಗಳ ಪಟ್ಟಿ ಕೊಡುವ ಪಿಎಂ ಲಿಸ್ಟ್ ಪ್ಯಾಕೇಜಸ್‌ಗೆ ಯೂಸರ್ 0 (ಫೋನಿನ ಮುಖ್ಯ ಯೂಸರ್, ಅಂದರೆ ನಾನು) ಎಂದು ಸೇರಿಸಿ ಕೊಟ್ಟರೆ ಪಟ್ಟಿಯಲ್ಲಿ ಹಕ್ಕಿ ಡೈರಿ ಇಲ್ಲ. ಅಳಿಸಿದವನ್ನೂ ತೋರಿಸುವ ಯು ಆಯ್ಕೆ ಸೇರಿಸಿದರೆ ಇದೆ. ಇದು ನನ್ನನ್ನು ಒಂದು ಇಡೀ ಸಂಜೆ ತಪ್ಪು ದಾರಿಯಲ್ಲಿ ನಡೆಸಿತು. ಡೇಟಾ ಉಳಿಸಿಕೊಂಡು ಆ್ಯಪ್ ಮಾತ್ರ ತೆಗೆಯುವ ಕೆ ಆಯ್ಕೆ ಇದೆಯಲ್ಲ, ಹಾಗೇನೋ ಆಗಿ ಹಳೆಯ ಗುರುತು ಉಳಿದಿದೆ ಅಂದುಕೊಂಡೆ. ಎಡಿಬಿ ಅನ್‌ಇನ್‌ಸ್ಟಾಲ್ ಒಂದು ಸಾಲು ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೊಡಲಿಲ್ಲ. ಏನೋ ಇನ್ನೂ ಉಳಿದಿದೆ ಎಂದು ಫೋನೇ ಹೇಳುತ್ತಿದೆ. ಅದು ಏನು, ಎಲ್ಲಿದೆ ಎಂದು ತಿಳಿಯದೆ ಅಳಿಸಲು ಮನಸ್ಸು ಬರಲಿಲ್ಲ.

ನಾಲ್ಕನೇ ಸಂಜೆ, ಆ್ಯಪ್‌ಗಳ ಪೂರ್ತಿ ವಿವರ ತೋರಿಸುವ ಡಂಪ್‌ಸಿಸ್ ಪ್ಯಾಕೇಜ್ ಕಮಾಂಡ್ ಕೊಟ್ಟು ಆ್ಯಪಿನ ಹೆಸರಿನ ಭಾಗವನ್ನು ಸಾಲು ಸಾಲಾಗಿ ಓದಿದೆ. ಕೆಳಗೆ ಎರಡು ಸಾಲು. ಯೂಸರ್ 0, ಇನ್‌ಸ್ಟಾಲ್ಡ್ ಫಾಲ್ಸ್. ಯೂಸರ್ 10, ಇನ್‌ಸ್ಟಾಲ್ಡ್ ಟ್ರೂ.

ಯೂಸರ್ 10! ಮಗಳು ನನ್ನ ಫೋನಿನಲ್ಲಿ ಆಟ ಆಡಲೆಂದು ಹೋದ ವರ್ಷ ಅವಳಿಗೊಂದು ಬೇರೆ ಪ್ರೊಫೈಲ್ ಮಾಡಿಕೊಟ್ಟಿದ್ದೆ. ಎಡಿಬಿ ಇನ್‌ಸ್ಟಾಲ್‌ಗೆ ಯಾವ ಯೂಸರ್ ಎಂದು ಹೇಳದಿದ್ದರೆ ಅದು ಫೋನಿನ ಎಲ್ಲ ಯೂಸರ್‌ಗಳಿಗೂ ಆ್ಯಪನ್ನು ಹಾಕುತ್ತದೆ. ಐಕಾನ್ ಒತ್ತಿ ಅಳಿಸಿದರೆ ಆ ಒಬ್ಬ ಯೂಸರಿನದ್ದು ಮಾತ್ರ ಹೋಗುತ್ತದೆ. ಎಪಿಕೆಯಾಗಲಿ ಸಹಿಯಾಗಲಿ ಫೋನಿಗೆಲ್ಲಾ ಒಂದೇ. ಒಬ್ಬರ ಬಳಿ ಉಳಿದಿದ್ದರೂ ಹಳೆಯ ಸಹಿ ಉಳಿದ ಹಾಗೇ. ಹಾಕುವುದು ಎಲ್ಲರಿಗೂ, ತೆಗೆಯುವುದು ಒಬ್ಬರಿಗೆ. ಇಡೀ ಗಂಟು ಇಷ್ಟೇ.

ಅಲ್ಲಿ ಖಾಲಿ ಆ್ಯಪ್ ಕೂತಿರುತ್ತದೆ ಅಂದುಕೊಂಡೆ. ಆದರೂ ಅವಳ ಪ್ರೊಫೈಲ್‌ಗೆ ಹೋಗಿ ಲಾಕ್ ತೆಗೆದು, ರನ್ ಆ್ಯಸ್‌ಗೆ ಯೂಸರ್ 10 ಸೇರಿಸಿ ಅಲ್ಲಿನ ಮೂರು ಫೈಲ್‌ಗಳನ್ನೂ ತಂದೆ. ಎಣಿಸಿದೆ. 23 ದಾಖಲೆ.

ಅವಳು ತನ್ನ ಕಡೆ ಐಕಾನ್ ನೋಡಿದ್ದಾಳೆ, ತೆರೆದಿದ್ದಾಳೆ, ಬರೆಯಲು ಶುರು ಮಾಡಿದ್ದಾಳೆ. ನನಗೆ ಹೇಳಿಲ್ಲ. ಕೇಳಿದ್ದಕ್ಕೆ, ಅದು ನನ್ನ ಡೈರಿ, ನಿನ್ನ ಹತ್ತಿರ ಬೇರೆ ಇದೆಯಲ್ಲ ಅಂದಳು.

ಆಮೇಲಿನ ಕೆಲಸ ಅರ್ಧ ಗಂಟೆಯದ್ದು. ಎಡಿಬಿ ಅನ್‌ಇನ್‌ಸ್ಟಾಲ್, ಹೊಸ ಸಹಿಯ ಬಿಲ್ಡ್, ಇಬ್ಬರ ಕಡೆಯೂ ಆ್ಯಪನ್ನು ಒಮ್ಮೆ ತೆರೆದು ಫೋರ್ಸ್ ಸ್ಟಾಪ್. ಹೊಸದಾಗಿ ಹುಟ್ಟಿದ ವಾಲ್ ಮತ್ತು ಎಸ್‌ಎಚ್‌ಎಂ ಫೈಲ್‌ಗಳನ್ನು ಅಳಿಸಲು ಮರೆಯಬೇಡಿ. ಅವು ಖಾಲಿ ಡೇಟಾಬೇಸಿಗೆ ಸೇರಿದವು, ಹಳೆಯ ಫೈಲ್ ಪಕ್ಕದಲ್ಲಿ ಉಳಿದರೆ ಡೇಟಾಬೇಸ್ ಹಾಳಾಗಬಹುದು. ಉಳಿಸಿಟ್ಟ ಫೈಲನ್ನು ಡೇಟಾ ಲೋಕಲ್ ಟೆಂಪ್‌ಗೆ ಪುಶ್ ಮಾಡಿ, ಅಲ್ಲಿಂದ ರನ್ ಆ್ಯಸ್ ಮೂಲಕ ಒಳಗೆ ಕಾಪಿ ಮಾಡಿದೆ. ಅವಳದ್ದು ಅವಳ ಕಡೆ, ನನ್ನದು ನನ್ನ ಕಡೆ. ಬೆರೆಸಿಲ್ಲ.

ಪ್ರಾಜೆಕ್ಟಿನಲ್ಲಿ ಎರಡು ಬದಲಾವಣೆ ಆಯಿತು. ಡೀಬಗ್ ಕೀಸ್ಟೋರ್ ಈಗ ಗಿಟ್‌ನೊಳಗೇ ಇದೆ, ಬಿಲ್ಡ್ ನಡೆಸುವ ಗ್ರೇಡಲ್‌ನ ಸೈನಿಂಗ್ ಕಾನ್ಫಿಗ್ ಅದನ್ನೇ ನೋಡುತ್ತದೆ. ಡೀಬಗ್ ಕೀ ಆದ್ದರಿಂದ ಒಳಗಿಟ್ಟೆ, ಜನರಿಗೆ ಕೊಡುವ ಆ್ಯಪಿಗೆ ಸಹಿ ಹಾಕುವ ರಿಲೀಸ್ ಕೀಯನ್ನು ಹೀಗೆ ಇಡಬೇಡಿ. ಇನ್ನೊಂದು, ಎಕ್ಸ್‌ಪೋರ್ಟ್ ಗುಂಡಿ ನಕ್ಷೆ ಪುಟಕ್ಕಿಂತ ಮೊದಲೇ ಬಂತು. ದಿನ ಬಳಸುವ ಬಿಲ್ಡ್‌ಗೂ ಪ್ರಯೋಗದ ಬಿಲ್ಡ್‌ಗೂ ಬೇರೆ ಬೇರೆ ಅಪ್ಲಿಕೇಶನ್ ಐಡಿ (ಫೋನು ಆ್ಯಪನ್ನು ಗುರುತಿಸುವ ಹೆಸರು) ಕೊಡುವ ಕೆಲಸ ಈ ವಾರ.

ಮತ್ತೆ ಆ 23. ನನ್ನ ಆ್ಯಪಿನಲ್ಲಿ ಹಕ್ಕಿಯ ಹೆಸರು ಬರೆಯದೆ ಸೇವ್ ಆಗುವುದಿಲ್ಲ, ಹಾಗೆ ನಾನೇ ಕಟ್ಟಿದ್ದೆ. ಅವಳ 23 ರಲ್ಲಿ 14 ಕ್ಕೆ ಹೆಸರಿನ ಜಾಗದಲ್ಲಿ ಗೊತ್ತಿಲ್ಲ ಎಂದಿದೆ. ಟಿಪ್ಪಣಿಯ ಜಾಗ ಮಾತ್ರ ತುಂಬಿದೆ. ಒಂದರಲ್ಲಿ, ಕಪ್ಪು ಬಿಳಿ, ಬಾಲ ಮೇಲೆ ಎತ್ತಿ ಎತ್ತಿ ಇಳಿಸುತ್ತದೆ, ಬೆಳಿಗ್ಗೆ ಸಿಳ್ಳೆ ಹಾಕುತ್ತದೆ ಎಂದು ಬರೆದಿದ್ದಾಳೆ. ಮಡಿವಾಳ ಹಕ್ಕಿ ಇರಬೇಕು. ಅವಳಿಗೆ ಇನ್ನೂ ಹೇಳಿಲ್ಲ, ನಾಳೆ ಇಬ್ಬರೂ ಹೋಗಿ ನೋಡುತ್ತೇವೆ. ಹೊಸ ಬಿಲ್ಡ್‌ನಲ್ಲಿ ಹೆಸರಿನ ಪಕ್ಕ ಗೊತ್ತಿಲ್ಲ ಎಂಬ ಗುಂಡಿ ಹಾಕಿದ್ದೇನೆ. ಒತ್ತಿದರೆ ಹೆಸರು ಕೇಳದೆ ಸೇವ್ ಆಗುತ್ತದೆ.