ಬುಟ್ಟಿ ತಿರುಗಿಸೋಕೆ ಒಬ್ಬರು ಬೇಕು

ಸಾಗರ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ನಾವು ದೀವರು, ಮಲೆನಾಡಿನ ಒಂದು ಸಮುದಾಯ. ಮಹಾನವಮಿ ಕಳೆದರೆ ಸಾಕು, ಅಟ್ಟದಿಂದ ಭೂಮಣ್ಣಿ ಬುಟ್ಟಿ ಕೆಳಗಿಳಿಯುತ್ತದೆ. ಭೂಮಿ ಹುಣ್ಣಿಮೆ ಹಬ್ಬದ ಹೊತ್ತಿಗೆ ಬತ್ತ ಹೊಡೆ ತುಂಬಿರುತ್ತದೆ. ಬಸುರಿ ಭೂಮಿತಾಯಿಗೆ ಬಯಕೆ ಊಟ ಕೊಡಬೇಕು. ಆ ಊಟ ಹೊರುವ ಬುಟ್ಟಿ ಇದು.

ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸುತ್ತೇವೆ. ಮೇಲೆ ಕೆಮ್ಮಣ್ಣು. ಅದರ ಮೇಲೆ ಅಕ್ಕಿ ನೆನೆಸಿ ಅರೆದ ಹಿಟ್ಟಿನಿಂದ ಚಿತ್ತಾರ. ಪುಂಡಿ ನಾರಿನ ತುದಿ ಜಜ್ಜಿದರೆ ಅದೇ ಕುಂಚ. ಬುಟ್ಟಿ ದುಂಡಗಿರುತ್ತದೆ, ಅಲ್ವಾ? ಒಂದೊಂದು ಎಳೆಯೂ ಸುತ್ತಿ ಬಂದು ಶುರುವಾದ ಜಾಗಕ್ಕೇ ಸೇರಬೇಕು. ಒಬ್ಬಳೇ ಬರೆದರೆ ನಡುವೆ ಕೈ ಎತ್ತಬೇಕಾಗುತ್ತದೆ, ಎಳೆ ತುಂಡಾಗುತ್ತದೆ. ಅದಕ್ಕೇ ಒಬ್ಬರು ಬರೆಯುವುದು, ಇನ್ನೊಬ್ಬರು ಬುಟ್ಟಿಯನ್ನು ನಿಧಾನಕ್ಕೆ ತಿರುಗಿಸುವುದು.

2020ರಲ್ಲಿ ತಿರುಗಿಸುವವರು ಯಾರೂ ಇರಲಿಲ್ಲ. ಮಾರ್ಚಿನಿಂದಲೇ ಮನೆಯಿಂದ ಮನೆಗೆ ಓಡಾಟ ನಿಂತಿತ್ತು. ಅಧಿಕ ಮಾಸ ಬಂದು ಹುಣ್ಣಿಮೆ ಅಕ್ಟೋಬರ್ ಕೊನೆಗೆ ಹೋಗಿತ್ತು. ಒಬ್ಬಳೇ ಕೂತು ಎರಡು ಎಳೆ ಎಳೆದು ಎದ್ದುಬಿಟ್ಟೆ. ಬುಟ್ಟಿಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದೆ. ನಾಲ್ಕೈದು ಹೆಬ್ಬೆರಳು ಬಂದವು, ಅಷ್ಟೇ.

ಮರುವರ್ಷ ಮೇ ತಿಂಗಳಲ್ಲಿ ನಮ್ಮ ಮನೆಯವರಿಗೂ ಅತ್ತೆಗೂ ಕೊರೊನಾ ಬಂತು. ಪಕ್ಕದ ಮನೆಯ ಚಿಕ್ಕಮ್ಮ ಬೇಲಿ ಹತ್ತಿರವೂ ಸುಳಿಯಲಿಲ್ಲ. ಇಬ್ಬರೂ ಹುಷಾರಾದ ಮೇಲೂ ಹಾಗೇ. ಬಾವಿ ಹತ್ತಿರ ನಾನಿದ್ದರೆ ಖಾಲಿ ಕೊಡ ಹಿಡಿದು ಹಾಗೇ ವಾಪಸ್ಸು ಹೋಗುತ್ತಿದ್ದರು. ಅವರ ಮನೆಯಲ್ಲಿ ಎಳೆಕೂಸು ಇತ್ತು. ಹೆದರಿಕೆ ಆಗದೆ ಇರುತ್ತದೆಯೇ? ಗೊತ್ತಿದ್ದೂ ನನಗೆ ತುಂಬಾ ನೋವಾಯಿತು. ನಾಲ್ಕು ತಿಂಗಳು ಇಬ್ಬರಿಗೂ ಮಾತಿಲ್ಲ.

ಅಕ್ಟೋಬರ್ ಬಂತು. ಅತ್ತೆ ಬುಟ್ಟಿ ತಂದು ಜಗಲಿಯ ಮೇಲೆ ಇಟ್ಟರು. ಒಳಗೆ ಬೆಳಕು ಸಾಲುವುದಿಲ್ಲ ಅಂದರು. ಮೊದಲೆಲ್ಲ ಅರ್ಧ ಕೇರಿಯ ಬುಟ್ಟಿ ಬರೆದ ಕೈ ಅದು, ಜ್ವರ ಬಿಟ್ಟ ಮೇಲೆ ನಡುಗುತ್ತಿತ್ತು. ಕುಂಚ ನನ್ನ ಕೈಗೆ ಕೊಟ್ಟು, ಬೇಲಿಯ ಕಡೆ ತಿರುಗಿ ಕೂಗಿದರು: "ಏ ತಂಗೀ, ಬುಟ್ಟಿ ತಿರುಗ್ಸೋರು ಇಲ್ಲ ಕಣೇ, ಬಾರೇ."

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನನ್ನ ಎದುರು ಕೂತು ಬುಟ್ಟಿಗೆ ಕೈ ಹಾಕಿದರು.

ಅರ್ಧ ಗಂಟೆ ನಾವು ಆಡಿದ ಮಾತು ಇಷ್ಟೇ: "ತಿರುಗ್ಸಿ." "ಸಾಕಾ?" "ಚೂರು ಹಿಂದಕ್ಕೆ." ನಾನು ಎಳೆ ನೋಡುತ್ತಿದ್ದೆ, ಅವರು ನನ್ನ ಕುಂಚದ ತುದಿ ನೋಡುತ್ತಿದ್ದರು. ಮುಖ ನೋಡುವ ಕಷ್ಟ ಇಬ್ಬರಿಗೂ ಇರಲಿಲ್ಲ. ಬತ್ತದ ಸಸಿಯ ಚಿತ್ತಾರ ಮುಗಿಸಿ ಜೋಗಿಜಡೆ ಅನ್ನೋ ಚಿತ್ತಾರಕ್ಕೆ ಬಂದಾಗ ಅವರು ತಲೆ ಎತ್ತದೆ, "ಆವಾಗ ತುಂಬಾ ಹೆದ್ರಿದ್ದೆ ಮಾರಾಯ್ತಿ" ಅಂದರು. ಬುಟ್ಟಿ ಒಂದು ಗಳಿಗೆ ಜೋರಾಗಿ ತಿರುಗಿತು. ಎಳೆ ವಾಲಿತು. "ಇರ್ಲಿ ಬಿಡಿ ಚಿಕ್ಕಮ್ಮ" ಅಂದೆ. ಎಳೆಗೋ, ಆ ನಾಲ್ಕು ತಿಂಗಳಿಗೋ? ಎರಡಕ್ಕೂ ಇರಬೇಕು.

ಸಂಜೆ ಹೊತ್ತಿಗೆ ಜಗಲಿಯ ಮೇಲೆ ಏಳು ಜನ, ಮೂರು ಬುಟ್ಟಿ. ಮಕ್ಕಳು ಉಳಿದ ಹಿಟ್ಟಿನಲ್ಲಿ ಅಂಗಳದ ತುಂಬ ಗೆರೆ ಎಳೆದರು. ಯಾರೋ ಹಾಡು ಎತ್ತಿದರು. ಎರಡು ವರ್ಷ ಕೂಡಿ ಹಾಡಿರಲಿಲ್ಲ, ಮೂರನೇ ನುಡಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಬಂತು. ಯಾರದ್ದು ಸರಿ ಅಂತ ಜೋರು ವಾದ. ಅತ್ತೆ ಗೋಡೆಗೆ ಒರಗಿ ಕೂತು ಎಲ್ಲರನ್ನೂ ತಿದ್ದುತ್ತಿದ್ದರು. ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿ ತಿಂಗಳುಗಳಾಗಿದ್ದವು. ನನಗೆ ಕಣ್ಣು ತುಂಬಿ ಬಂತು.

ಹಬ್ಬದ ಹಿಂದಿನ ರಾತ್ರಿ ಎಂದಿನಂತೆ ನಿದ್ದೆ ಇಲ್ಲದ ಅಡುಗೆ. ಬೆರಕೆ ಸೊಪ್ಪು ಸೋಸಲು ಚಿಕ್ಕಮ್ಮ ನಮ್ಮ ಮನೆಗೇ ಬಂದರು. ಅಕ್ಟೋಬರ್ 20ರ ನಸುಕಿನಲ್ಲಿ ನಮ್ಮ ಮನೆಯವರು ಬುಟ್ಟಿ ಹೊತ್ತು ಗದ್ದೆಗೆ ನಡೆದರು. ಕತ್ತಲಲ್ಲಿ ಒಂದೊಂದೇ ಗದ್ದೆಯಿಂದ ಕೂಗು ಕೇಳತೊಡಗಿತು. ಅಚ್ಚಂಬಲಿ, ಹಾಲಂಬಲಿ, ಭೂಮ್ತಾಯಿ ಬಂದು ಉಂಡೋಗ್ಲಿ.

ಮುಂದಿನ ವರ್ಷ ಅದೇ ಬುಟ್ಟಿ ಮತ್ತೆ ಅಟ್ಟದಿಂದ ಇಳಿಯಿತು. ಸಗಣಿ ಬಳಿಯುವ ಮುಂಚೆ ಚಿಕ್ಕಮ್ಮ ಅದನ್ನು ತಿರುಗಿಸಿ ನೋಡಿ, ವಾಲಿದ ಎಳೆಯ ಮೇಲೆ ಬೆರಳಿಟ್ಟರು. "ಇದು ನಾನು ಮಾಡಿದ್ದು" ಅಂದರು. ನಾನು ಒಂದು ಫೋಟೋ ತೆಗೆದುಕೊಂಡೆ. ಆಮೇಲೆ ಅವರೇ ಅದರ ಮೇಲೆ ಸಗಣಿ ಬಳಿದರು.