ಪ್ಯಾರಾಬೆನ್ ಹೋಯಿತು, ಕಾಫಿಯೂ ಹೋಯಿತು

ಚಿಕ್ಕಮಗಳೂರಿನ ಹೊರಗೆ ಒಂದು ಸಣ್ಣ ಕಾಸ್ಮೆಟಿಕ್ ಘಟಕದಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೋದ ಮಳೆಗಾಲದಲ್ಲಿ ಒಬ್ಬ ಗಿರಾಕಿ ಹಸಿರು ಕಾಫಿಬೀಜದ ಸಾರ ಹಾಕಿದ ಟೋನರ್ ಕೇಳಿದರು. ಷರತ್ತು ಒಂದೇ: ಮುಖಕ್ಕೆ ತಾಗುವ ಹನಿಯಲ್ಲಿ ಪ್ಯಾರಾಬೆನ್ ಎಂಬ ಪ್ರಿಸರ್ವೇಟಿವ್ (ಕೆಡದಂತೆ ಕಾಯುವ ರಾಸಾಯನಿಕ) ಇರಬಾರದು.

ಹಾಕದೇ ಇದ್ದರಾಯ್ತಲ್ಲ ಅಂತೀರಾ? ನೀರೂ ಗಿಡದ ಸಾರವೂ ಇರುವ ಬಾಟಲಿಯನ್ನು ಮಲೆನಾಡಿನ ಜುಲೈನಲ್ಲಿ ಸುಮ್ನೆ ಇಟ್ಟು ನೋಡಿ, ಬೂಷ್ಟು ಹಿಡಿಯಲು ಜಾಸ್ತಿ ದಿನ ಬೇಡ. ಹಾಗಾಗಿ ಬಾಟಲಿಯೊಳಗೆ ಪ್ರಿಸರ್ವೇಟಿವ್ ಇರಲಿ, ಹೊರಗೆ ಬರುವಾಗ ಅದನ್ನು ಬಾಟಲಿಯ ಬಾಯಲ್ಲೇ ಹಿಡಿಯೋಣ ಅಂತ ನಮ್ಮ ಘಟಕದ ಸಾರ್ ಅಂದರು.

ಬಾಟಲಿಯ ಕತ್ತಿನಲ್ಲಿ ಪುಟ್ಟ ಕೊಳವೆ, ಅದರೊಳಗೆ ಪಿವಿಪಿಪಿ ಪುಡಿ. ಬಿಯರ್ ತಿಳಿಯಾಗಿಸಲು ಬಳಸುವ ಅದೇ ಪಾಲಿಮರ್. ನೀರಿನಲ್ಲಿ ಕರಗುವುದಿಲ್ಲ. ಮೀಥೈಲ್ ಪ್ಯಾರಾಬೆನ್‌ನ ಇಂಗಾಲದ ಉಂಗುರಕ್ಕೆ ಅಂಟಿದ ಓಎಚ್ (ಆಮ್ಲಜನಕ-ಜಲಜನಕ) ಗುಂಪನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತದೆ. ಬಾಟಲಿಗೆ ಈ ಪ್ಯಾರಾಬೆನ್ 0.2% ಹಾಕಿದ್ದೆವು. ದ್ರವದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಎಚ್‌ಪಿಎಲ್‌ಸಿಯನ್ನು ಪ್ಯಾರಾಬೆನ್ ಹೀರುವ ಬೆಳಕಿನ ಅಲೆಯುದ್ದ 254 ನ್ಯಾನೋಮೀಟರ್‌ಗೆ ಇಟ್ಟು ನೋಡಿದೆ. ಹೊರಬಂದ ಹನಿಯಲ್ಲಿ ಪ್ಯಾರಾಬೆನ್ ಪೀಕ್ (ಗ್ರಾಫಿನಲ್ಲಿ ಅದರ ಏರು) ಬಹುತೇಕ ಮಾಯ! ಸಾರ್‌ಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ.

ಪ್ಯಾಕಿಂಗ್‌ನ ಅಕ್ಕ ಸ್ಯಾಂಪಲನ್ನು ಕಿಟಕಿ ಬೆಳಕಿಗೆ ಹಿಡಿದು ಕೇಳಿದರು: "ಮೇಡಂ, ಇದ್ರಲ್ಲಿ ಕಾಫಿ ಎಲ್ಲಿದೆ? ಬರೀ ನೀರಲ್ವಾ?"

ಹೌದು, ತಿಳಿ ಹಳದಿ ಬಣ್ಣವೇ ಇರಲಿಲ್ಲ. ಎರಡು ದಿನ ಒಂದೇ ಪೀಕ್ ನೋಡುತ್ತಾ ಕೂತಿದ್ದ ನನಗೆ ಅದು ಕಾಣಲೇ ಇಲ್ಲ. ಪುಡಿ ಮಾರಿದವರು "ಆಯ್ದು ಹಿಡಿಯುತ್ತದೆ" ಅಂದಿದ್ದರು. ಆಯ್ದು ಹಿಡಿದದ್ದೂ ನಿಜ. ಆದರೆ ಪಾಲಿಮರ್‌ಗೆ ಪ್ರಿಸರ್ವೇಟಿವ್ ಅಂದರೇನು ಗೊತ್ತಿಲ್ಲ, ಓಎಚ್ ಮಾತ್ರ ಗೊತ್ತು. ಹಸಿರು ಕಾಫಿಯ ಮುಖ್ಯ ಸರಕು ಕ್ಲೋರೋಜೆನಿಕ್ ಆಮ್ಲ. ಅದರ ಉಂಗುರದಲ್ಲಿ ಅಂಥ ಓಎಚ್ ಎರಡಿವೆ! ಅದು ಕಾಣುವ 325 ನ್ಯಾನೋಮೀಟರ್‌ನಲ್ಲಿ ಮತ್ತೆ ಓಡಿಸಿದೆ. ಅರ್ಧಕ್ಕಿಂತ ಜಾಸ್ತಿ ಕೊಳವೆಯಲ್ಲೇ ಉಳಿದಿತ್ತು. ಸಾರ್‌ಗೆ ಇನ್ನೊಂದು ಫೋನ್.

ಆಮೇಲೆ ಪ್ಯಾರಾಬೆನ್ ಬದಲು ಫೀನಾಕ್ಸಿಎಥನಾಲ್ ಎಂಬ ಇನ್ನೊಂದು ಪ್ರಿಸರ್ವೇಟಿವ್ ಹಾಕಿ ನೋಡಿದೆವು. ಅದರ ಓಎಚ್ ನೇರವಾಗಿ ಉಂಗುರದ ಮೇಲಿಲ್ಲ, ಈ ಪುಡಿಗೆ ಸರಿಯಾಗಿ ಸಿಗಲೇ ಇಲ್ಲ. ಈಗ ನನ್ನ ರಿಪೋರ್ಟಿನಲ್ಲಿ "ಏನು ಹೋಗಬೇಕು" ಪಕ್ಕದಲ್ಲಿ "ಏನು ಉಳಿಯಬೇಕು" ಅಂತ ಇನ್ನೊಂದು ಕಾಲಂ ಇದೆ. ಅದು ಖಾಲಿ ಇದ್ದರೆ ಸಹಿ ಹಾಕುವುದಿಲ್ಲ.

ಸದ್ಯ ಅಚ್ಚು ಪಾಲಿಮರ್ ಪರೀಕ್ಷಿಸುತ್ತಿದ್ದೇವೆ. ಪ್ಯಾರಾಬೆನ್ ಅಣುವಿನ ಸುತ್ತ ಪಾಲಿಮರ್ ಕಟ್ಟಿ, ಆಮೇಲೆ ಅಣುವನ್ನು ತೊಳೆದು ತೆಗೆಯುತ್ತಾರೆ. ಅದೇ ಆಕಾರದ ಗೂಡು ಉಳಿಯುತ್ತದೆ. ದೊಡ್ಡ ಕ್ಲೋರೋಜೆನಿಕ್ ಆಮ್ಲ ಅಲ್ಲಿ ಸುಲಭಕ್ಕೆ ಕೂರಲ್ಲ. ಬೆಲೆ ಕೇಳಬೇಡಿ. ತೊಳೆದದ್ದು ಸಾಲದಿದ್ದರೆ ಒಳಗುಳಿದ ಪ್ಯಾರಾಬೆನ್ ಟೋನರ್‌ಗೇ ಸೋರುತ್ತದೆ, ಆ ತಲೆನೋವು ಬೇರೆ.

ಇನ್ನೊಂದು ಬಗೆಹರಿದಿಲ್ಲ. ಕೊಳವೆ ದಾಟಿ ತುದಿಯಲ್ಲಿ ನಿಂತ ಹನಿಗೆ ಕಾವಲಿಲ್ಲ. ಅದು ಒಳಕ್ಕೆ ವಾಪಸ್ ಹೋಗದಂಥ ಪಂಪ್ ಹುಡುಕುತ್ತಿದ್ದೇವೆ.