ಯಾವ ರಿಟರ್ನು ಸ್ವಾಮಿ?

ಜುಲೈ 20ನೇ ತಾರೀಖು ಹಾಸನದ ಬಿ.ಎಂ. ರಸ್ತೆಯಲ್ಲಿ ಲೆಕ್ಕಪತ್ರ ನೋಡುವ ಯಾವ ಆಫೀಸಿಗೆ ಹೋದರೂ ಕೂರಲು ಕುರ್ಚಿ ಸಿಗುವುದಿಲ್ಲ. ಜಿಎಸ್‌ಟಿಯ 3ಬಿಗೆ, ಅಂದರೆ ವ್ಯಾಪಾರಸ್ಥರು ತಿಂಗಳಿಗೊಮ್ಮೆ ಒಪ್ಪಿಸುವ ತೆರಿಗೆ ಲೆಕ್ಕಕ್ಕೆ, ಅದು ಕೊನೆ ದಿನ, ಸಂಬಳದಾರರ ಆದಾಯ ತೆರಿಗೆಗೆ ಇನ್ನು ಹನ್ನೊಂದೇ ದಿನ. ಒಳಗೆ ಬಂದವರೆಲ್ಲ ಕೊಡೆ ಮಡಚುತ್ತಾ ಹೇಳುವುದು ಒಂದೇ ಮಾತು, ‘ಸಾರ್, ರಿಟರ್ನ್ ವಿಷ್ಯ.’ ಯಾವ ರಿಟರ್ನು ಅಂತ ಕೇಳಿಕೊಳ್ಳದೆ ಕಂಪ್ಯೂಟರಿಗೆ ಕೈ ಹಾಕುವಂತಿಲ್ಲ.

ಅಂಥ ಒಂದು ದಿನ ಮೊದಲು ಬಂದವರು ಪಂಪ್‌ಸೆಟ್ ಬಿಡಿಭಾಗದ ಅಂಗಡಿಯವರು. ‘ಜೂನ್‌ನಲ್ಲಿ ಮಳೆ ಹಿಡ್ಕೊಂಡು ಒಂದು ರೂಪಾಯಿ ವ್ಯಾಪಾರ ಇಲ್ಲ. ಇನ್ನೆಂಥ ರಿಟರ್ನು?’ ಈ ಪ್ರಶ್ನೆ ಪ್ರತಿ ತಿಂಗಳೂ ಯಾರಾದರೂ ಕೇಳುತ್ತಾರೆ. ರಿಟರ್ನ್ ಎಂದರೆ ಸರ್ಕಾರಕ್ಕೆ ದುಡ್ಡು ವಾಪಸ್ ಕೊಡುವುದು ಎಂಬ ಎಣಿಕೆ ಅದರ ಹಿಂದಿದೆ. ಇಲ್ಲಿ ರಿಟರ್ನ್ ಎಂದರೆ ಕೇಳಿದ್ದಕ್ಕೆ ಒಪ್ಪಿಸುವ ಲೆಕ್ಕ, ಅಷ್ಟೇ. ವ್ಯಾಪಾರ ಸೊನ್ನೆಯಾದರೆ ಸೊನ್ನೆ ಅಂತಲೇ ಒಪ್ಪಿಸಬೇಕು. ಒಪ್ಪಿಸದಿದ್ದರೆ ಸೊನ್ನೆ ಲೆಕ್ಕಕ್ಕೂ ದಿನಕ್ಕೆ 20 ರೂಪಾಯಿ ದಂಡ. ತೆರಿಗೆ ಕಟ್ಟುವುದಿದ್ದರೆ ದಿನಕ್ಕೆ 50, ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ. ಹಿಂದಿನ ತಿಂಗಳಿನದು ಬಾಕಿ ಇದ್ದರೆ ಮುಂದಿನದು ಹಾಕಲು ಬಿಡುವುದಿಲ್ಲ. ತಿಂಗಳ ಲೆಕ್ಕದವರು ಸತತ ಎರಡು ತಿಂಗಳು ಬಿಟ್ಟರೆ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ಲೇ ನಿಂತುಹೋಗುತ್ತದೆ, ಸರಕು ಗೋಡೌನ್ ಬಿಟ್ಟು ಕದಲುವುದಿಲ್ಲ.

ಸೊನ್ನೆ ರಿಟರ್ನಿಗೆ ಆಫೀಸಿಗೆ ಬರುವ ಅಗತ್ಯವೂ ಇಲ್ಲ. ನೋಂದಾಯಿಸಿದ ಮೊಬೈಲಿನಿಂದ 14409ಕ್ಕೆ ಒಂದು ಎಸ್‌ಎಂಎಸ್ ಸಾಕು. ಇಂಗ್ಲಿಷಿನಲ್ಲಿ ನಿಲ್, ಜಾಗ ಬಿಟ್ಟು 3ಬಿ, ಜಾಗ ಬಿಟ್ಟು ಜಿಎಸ್‌ಟಿ ನಂಬರು, ಮತ್ತೆ ಜಾಗ ಬಿಟ್ಟು ತಿಂಗಳು-ವರ್ಷದ ಆರು ಅಂಕಿ. ತಿಂಗಳು ಎಂದರೆ ಲೆಕ್ಕದ ತಿಂಗಳು. ಜುಲೈನಲ್ಲಿ ಕೂತು ಜೂನ್‌ನದು ಹಾಕುವಾಗ 06 ಬರೆಯಬೇಕು, 07 ಅಲ್ಲ. ಆರಂಕಿಯ ಕೋಡ್ ಬರುತ್ತದೆ, ಅದನ್ನು ಅರ್ಧ ಗಂಟೆಯೊಳಗೆ ಅದೇ ನಂಬರಿಗೆ ಸಿಎನ್‌ಎಫ್ 3ಬಿ ಎಂದು ಸೇರಿಸಿ ಕಳಿಸಿದರೆ ಕೆಲಸ ಮುಗಿಯಿತು. ಆದರೆ ನಮ್ಮ ಅಂಗಡಿಯವರಿಗೆ ಈ ದಾರಿ ಇರಲಿಲ್ಲ. ಮಾರಿದ್ದಿಲ್ಲ ನಿಜ, ಮೇ ಕೊನೆಗೆ ಬುಕ್ ಮಾಡಿದ್ದ ಪೈಪು ಜೂನ್‌ನಲ್ಲಿ ಬಂದಿಳಿದಿತ್ತು. ಖರೀದಿಯ ಮೇಲಿನ ತೆರಿಗೆಯನ್ನು ಕ್ರೆಡಿಟ್ ತೆಗೆದುಕೊಳ್ಳುವುದಿದ್ದರೆ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದಿದ್ದರೆ, ಅದು ಸೊನ್ನೆ ರಿಟರ್ನ್ ಆಗುವುದಿಲ್ಲ. ಈ ಒಂದು ಸಂಗತಿ ತಿಳಿಯದೆ ಎಸ್‌ಎಂಎಸ್ ಕಳಿಸಿ ಕೈ ತೊಳೆದುಕೊಂಡವರು ಊರಲ್ಲಿ ಬೇಕಾದಷ್ಟಿದ್ದಾರೆ. 3ಬಿ ಒಮ್ಮೆ ಹೋದರೆ ತಿದ್ದುವ ಹಾಗಿಲ್ಲ, ಸರಿ ಮಾಡುವುದೇನಿದ್ದರೂ ಮುಂದಿನ ತಿಂಗಳಿನದರಲ್ಲಿ.

ಅದೇ ಕುರ್ಚಿಯಲ್ಲಿ ಕೂತು ಅವರೇ ಎರಡನೇ ರಿಟರ್ನು ತೆಗೆದರು. ‘ನಾಲ್ಕು ರಿಟರ್ನ್ ವಾಲ್ವು ರಿಟರ್ನ್ ಹಾಕಿದೀನಿ ಸಾರ್.’ ಹೊರಗಿನವರಿಗೆ ಈ ವಾಕ್ಯ ಒಗಟು. ಕಂಪನಿಯವರು ಡಬ್ಬಿಯ ಮೇಲೆ ನಾನ್-ರಿಟರ್ನ್ ಎಂದು ಅಚ್ಚು ಹಾಕಿರುತ್ತಾರೆ. ನೀರು ಹಿಂದಕ್ಕೆ ಬಾರದಂತೆ ತಡೆಯುವುದೇ ಅದರ ಕೆಲಸ. ನಮ್ಮ ಕಡೆ ಬಾಯಿಂದ ಬಾಯಿಗೆ ‘ನಾನ್’ ಉದುರಿಹೋಗಿ ರಿಟರ್ನ್ ವಾಲ್ವ್ ಆಗಿದೆ, ಹಾಗೆಂದರೇನೇ ಮೆಕ್ಯಾನಿಕ್‌ಗೆ ಅರ್ಥ.

ಈ ವಾಲ್ವ್ ವಾಪಸ್ ಬರುವುದಕ್ಕೆ ಬಹುಪಾಲು ಕಾರಣ ಮಾಲಿನ ದೋಷವಲ್ಲ, ಕೂರಿಸಿದ ರೀತಿ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಗಡಿಬಿಡಿಯಲ್ಲಿ ಕೆರೆಯ ಪಂಪಿನಿಂದ ಗುಡ್ಡದ ಮೇಲಕ್ಕೆ ಲೈನ್ ಎಳೆಯುತ್ತಾರೆ. ಪ್ರತಿ 10 ಮೀಟರ್ ಏರಿಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ, 60 ಮೀಟರ್ ಏರಿದ್ದರೆ ಕರೆಂಟು ಹೋದ ಗಳಿಗೆ ಆರು ಕೆ.ಜಿ. ಒತ್ತಡದ ನೀರು ಪಂಪಿನ ಮೇಲೆ ಬಂದು ಕೂರುತ್ತದೆ. ತಡೆಯದಿದ್ದರೆ ಪಂಪಿನೊಳಗೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಹಿಂದುಮುಂದಾಗಿ ತಿರುಗುತ್ತದೆ, ಅಷ್ಟರಲ್ಲಿ ಕರೆಂಟು ಬಂದರೆ ಶಾಫ್ಟ್‌ಗೆ ಪೆಟ್ಟು. ಅದಕ್ಕೇ ವಾಲ್ವ್ ಇರುವುದು. ಅದರ ಮೈಮೇಲೆ ಬಾಣದ ಗುರುತು ಇರುತ್ತದೆ, ಬಾಣ ನೀರು ಹೋಗುವ ದಿಕ್ಕಿಗೇ ಇರಬೇಕು. ತಿರುವುಮುರುವಾಗಿ ಕೂರಿಸಿದರೆ ಮೋಟಾರು ಓಡುತ್ತದೆ, ನೀರು ಮೇಲೇರದು, ಪಂಪಿನ ಮೈ ಬಿಸಿಯಾಗುತ್ತದೆ. ಸರಿಯಾಗಿ ಕೂರಿಸಿಯೂ ಸೋರಿದರೆ ಬಿಚ್ಚಿ ಒಳಗಿನ ತಟ್ಟೆ ನೋಡಿ. ಸಿಲ್ವರ್ ಓಕಿನ ಎಲೆಯ ದಂಟು, ಅಡಿಕೆ ನಾರು ಸಿಕ್ಕಿಕೊಂಡಿರುತ್ತದೆ. ಕಸ ತೆಗೆದು ತಟ್ಟೆ ಕೂರುವ ಅಂಚು ಒರೆಸಿದರೆ ಅರ್ಧಕ್ಕರ್ಧ ‘ಡಿಫೆಕ್ಟ್’ ಅಲ್ಲೇ ವಾಸಿ. ಪಂಪು ನಿಂತ ಕೂಡಲೇ ಪೈಪು ‘ಧಡ್’ ಎಂದರೆ ತಟ್ಟೆ ತಡವಾಗಿ ಬೀಳುತ್ತಿದೆ ಎಂದರ್ಥ. ಅಂಥ ಏರಿಗೆ ತೂಗು ತಟ್ಟೆಯದಕ್ಕಿಂತ ಸ್ಪ್ರಿಂಗ್ ಇರುವುದು ವಾಸಿ.

ವಾಲ್ವ್ ಹೋಗಲಿ, ಲೆಕ್ಕಕ್ಕೆ ಬರೋಣ. ಒಂದಕ್ಕೆ 1,200ರಂತೆ ನಾಲ್ಕು ವಾಲ್ವ್ ಎಂದರೆ 4,800 ರೂಪಾಯಿ, ಶೇ. 18ರಂತೆ ತೆರಿಗೆ 864. ಮಾಲು ಹಿಂದಕ್ಕೆ ಕಳಿಸಿದ ಮಾತ್ರಕ್ಕೆ ಈ 864 ತಾನಾಗಿ ಸರಿಹೋಗದು. ಮಾರಿದವರು ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸಿದ ಚೀಟಿ) ಕೊಟ್ಟು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕು, ಅಂಗಡಿಯವರು ಅಷ್ಟು ಕ್ರೆಡಿಟ್ ಹಿಂದಕ್ಕೆ ಬಿಡಬೇಕು. ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಇದಕ್ಕೆ ಗಡುವು; ವಾರ್ಷಿಕ ರಿಟರ್ನ್ ಅದಕ್ಕೂ ಮುಂಚೆ ಹಾಕಿಬಿಟ್ಟಿದ್ದರೆ ಗಡುವೂ ಅಲ್ಲಿಗೇ. ಆಮೇಲೆ ಮಾಲಿನ ದುಡ್ಡು ಬರಬಹುದು, ತೆರಿಗೆ ಬಾರದು. ವಾಪಸ್ ಹೋಗುವ ಸರಕು 50,000 ರೂಪಾಯಿ ದಾಟಿದರೆ ಅದಕ್ಕೂ ಇ-ವೇ ಬಿಲ್ ಬೇಕು. ‘ವಾಪಸ್ ಮಾಲು ತಾನೇ’ ಎಂಬ ಸಬೂಬು ತಪಾಸಣೆಯಲ್ಲಿ ನಡೆಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಬ್ಬರು ಮೇಡಂ ಬಂದರು, ಶಾಲೆಯ ಶಿಕ್ಷಕಿ. ‘ಹೋದ ವರ್ಷದ ರಿಟರ್ನ್ ಇನ್ನೂ ಬಂದಿಲ್ಲ.’ ಬರಬೇಕಾದದ್ದು ರಿಫಂಡು, ರಿಟರ್ನಲ್ಲ. ರಿಟರ್ನ್ ನಾವು ಕಳಿಸುವುದು, ರಿಫಂಡ್ ಅವರು ಕಳಿಸುವುದು. ತೆರೆದು ನೋಡಿದರೆ ಬ್ಯಾಂಕ್ ಖಾತೆಯಲ್ಲಿ ತಡೆ. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ಪೋರ್ಟಲ್‌ನಲ್ಲಿ ಹಳೆಯ ಐಎಫ್‌ಎಸ್‌ಸಿ ಉಳಿಸಿಕೊಂಡವರ ರಿಫಂಡು ಹೀಗೆಯೇ ಸಿಕ್ಕಿಬೀಳುತ್ತದೆ. ಹೊಸ ಕೋಡ್ ಹಾಕಿ, ಖಾತೆಯನ್ನು ಮತ್ತೆ ದೃಢೀಕರಿಸಿ, ರಿಫಂಡ್ ಮರುವಿತರಣೆಗೆ ಕೋರಿಕೆ ಕೊಡಬೇಕು. ಮೇಡಂಗೆ ಸಂಬಳದ ಜೊತೆ ಆಲೂರಿನಲ್ಲಿ ಶುಂಠಿ ಬೆಳೆಯುವ ಗದ್ದೆಯೂ ಇತ್ತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದು ಅದನ್ನು ಬರೆಯದೇ ಬಿಡುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಿ ವಿಪರೀತ. ಅದು 5,000 ರೂಪಾಯಿ ದಾಟಿದರೆ ಸಂಬಳದಾರರ ಸರಳ ನಮೂನೆಯಾದ ಐಟಿಆರ್-1 ಬಳಸುವಂತೆಯೇ ಇಲ್ಲ. ಇನ್ನೊಂದು, ರಿಟರ್ನ್ ಹಾಕಿ 30 ದಿನದೊಳಗೆ ಆಧಾರ್ ಓಟಿಪಿಯಿಂದಲೋ ಬ್ಯಾಂಕಿನ ಮೂಲಕವೋ ಇ-ವೆರಿಫೈ ಮಾಡದಿದ್ದರೆ ಹಾಕಿದ ತಾರೀಖಿಗೆ ಬೆಲೆಯಿಲ್ಲ.

ಇಡೀ ದಿನದಲ್ಲಿ ನಿಜಕ್ಕೂ ಅವಸರದ್ದು ಸಕಲೇಶಪುರ ಕಡೆಯ ಬೆಳೆಗಾರರೊಬ್ಬರ ಕೈಲಿದ್ದ ಚೀಟಿ. ಕಾಫಿ ಮಾರಿದ್ದಕ್ಕೆ ಬಂದ ಚೆಕ್ ರಿಟರ್ನ್ ಆಗಿತ್ತು. ಮೊದಲು ನೋಡಬೇಕಾದ್ದು ಬ್ಯಾಂಕಿನ ಮೆಮೊದಲ್ಲಿ ಬರೆದ ಕಾರಣ. ಸಹಿ ಹೊಂದಿಲ್ಲ, ದಿನಾಂಕ ತಿದ್ದಿದೆ ಎಂದಿದ್ದರೆ ಮೊದಲು ಹೊಸ ಚೆಕ್ ಕೇಳಿ. ಖಾತೆಯಲ್ಲಿ ಹಣ ಸಾಲದು ಎಂದಿದ್ದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ (ಚೆಕ್ ಬೌನ್ಸ್ ಅಪರಾಧದ್ದು) ದಿನಗಣನೆ ಶುರುವಾಗಿದೆ. ಚೆಕ್‌ನ ಆಯುಷ್ಯ ಮೂರು ತಿಂಗಳು, ಅಷ್ಟರೊಳಗೆ ಮತ್ತೊಮ್ಮೆ ಹಾಕಿ ನೋಡಬಹುದು. ನೋಟಿಸ್ ಕೊಡುವುದಾದರೆ ಮೆಮೊ ಕೈಸೇರಿದ 30 ದಿನದೊಳಗೆ, ಬರವಣಿಗೆಯಲ್ಲಿ. ನೋಟಿಸ್ ತಲುಪಿ 15 ದಿನದಲ್ಲಿ ದುಡ್ಡು ಬಾರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ‘ಮುಂದಿನ ವಾರ ಕೊಡ್ತೀನಿ ಅಂತಾವ್ನೆ, ಪರಿಚಯದೋನು’ ಎಂದುಕೊಂಡು ಆ 30 ದಿನ ಕಳೆಯುವುದೇ ಇಲ್ಲಿನ ಮಾಮೂಲಿ ಎಡವಟ್ಟು. ಪರಿಚಯ ಉಳಿಸಿಕೊಳ್ಳಿ, ನೋಟಿಸೂ ಕಳಿಸಿ.

ಆ ನೋಟಿಸೇ ರಿಟರ್ನ್ ಆಗುವುದುಂಟು. ‘ತೆಗೆದುಕೊಳ್ಳಲು ನಿರಾಕರಿಸಿದರು’, ‘ಬಾಗಿಲು ಬೀಗ’ ಎಂದು ಪೋಸ್ಟ್‌ಮ್ಯಾನ್ ಬರೆದ ಕವರು ಬಂದರೆ ಬೇಸರಪಡಬೇಕಾಗಿಲ್ಲ, ಒಡೆಯಲೂಬಾರದು. ವಿಳಾಸ ಸರಿಯಿದ್ದರೆ ನೋಟಿಸ್ ತಲುಪಿತೆಂದೇ ಕೋರ್ಟು ಸಾಮಾನ್ಯವಾಗಿ ಭಾವಿಸುತ್ತದೆ, ಒಡೆಯದ ಕವರೇ ಪುರಾವೆ. ಹಾಗೇ ವಕೀಲರಿಗೆ ಕೊಡಿ.

ಸಂಜೆ ಹೊತ್ತಿಗೆ ಲಾರಿ ಮಾಲೀಕರೊಬ್ಬರ ಫೋನು. ಅವರಿಗೆ ರಿಟರ್ನ್ ಎಂದರೆ ಬರುವ ದಾರಿಯ ಲೋಡು. ಮೇ ತಿಂಗಳಲ್ಲಿ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಹೊತ್ತು ಹಾಸನದ ಎಪಿಎಂಸಿಗೆ ಬರುವ ಗಾಡಿಗಳದ್ದೂ ಇದೇ ಚಿಂತೆ. ಖಾಲಿ ಹೊರಟರೆ ಡೀಸೆಲ್ಲು, ಟೋಲು ಕೈಯಿಂದ. ಲೋಡಿಗೆ ಕಾದರೆ ಭತ್ಯೆ, ಕಂತು ಕೈಯಿಂದ. ಇನ್ನು ಚುನಾವಣೆಯ ರಿಟರ್ನಿಂಗ್ ಆಫೀಸರ್ ಏನು ರಿಟರ್ನ್ ಮಾಡುತ್ತಾರೆ ಎಂದು ಅವರು ನಗುತ್ತಾ ಕೇಳಿದ್ದಕ್ಕೂ ಉತ್ತರವಿದೆ. ಇಂಗ್ಲೆಂಡಿನಲ್ಲಿ ಹಿಂದೆ ರಾಜನ ಆಜ್ಞಾಪತ್ರದ ಮೇಲೆ ಗೆದ್ದವರ ಹೆಸರು ಬರೆದು ಅಧಿಕಾರಿ ಹಿಂದಿರುಗಿಸುತ್ತಿದ್ದ. ತೆರಿಗೆ ರಿಟರ್ನಿನ ಹಾಗೆ ಇದೂ ಮೇಲಿನವರಿಗೆ ಒಪ್ಪಿಸುವ ವರದಿಯೇ.

ರಾತ್ರಿ ಎಂಟರ ಮೇಲೆ ಪೋರ್ಟಲ್ ತೆವಳತೊಡಗಿತು. ಕೊನೆ ದಿನ ಅದು ಹಾಗೇ. ಚಲನ್‌ನಲ್ಲಿ ದುಡ್ಡು ಕಟ್ಟಿ ‘ಆಯ್ತು’ ಎಂದು ಮನೆಗೆ ಹೋದವರನ್ನೆಲ್ಲ ಮತ್ತೆ ಫೋನ್ ಮಾಡಿ ಓಟಿಪಿ ಕೇಳಬೇಕಾಯಿತು. ದುಡ್ಡು ಕಟ್ಟುವುದು ಬೇರೆ, ರಿಟರ್ನ್ ಹಾಕುವುದು ಬೇರೆ. ಕಟ್ಟಿದ ಹಣ ಕ್ಯಾಶ್ ಲೆಡ್ಜರಿನಲ್ಲಿ ಕೂತಿರುತ್ತದೆ, ಅದನ್ನು ತೆರಿಗೆಗೆ ವಜಾ ಹಾಕಿ, ಓಟಿಪಿ ಒತ್ತಿ, ರಿಟರ್ನ್ ಸೇರಿತೆಂಬ ಎಆರ್‌ಎನ್ ನಂಬರು ಬರಬೇಕು. ಪಂಪ್ ಅಂಗಡಿಯವರ ಎಆರ್‌ಎನ್ ಬಂದದ್ದು 11 ಗಂಟೆ ದಾಟಿದ ಮೇಲೆ.